ಗೋಲ್‌ಕೀಪರ್ ನಿಧಾನವಾದಾಗ

ಮಕ್ಕಳ ಫುಟ್‌ಬಾಲ್ ಪಂದ್ಯ ಇದ್ದಲ್ಲೆಲ್ಲ ರೆಫರಿಯಾಗಿ ಅವನೇ ಇರುತ್ತಿದ್ದ. ಮಕ್ಕಳ ಬಾಯಲ್ಲಿ ಅವನು ಸೀಟಿಮಾಮ. ಆಟದ ನಡುವೆ ಮಕ್ಕಳು ಹೂಡುವ ನಾಟಕಗಳೆಲ್ಲ ಅವನಿಗೆ ಬಾಯಿಪಾಠ. ಮೊಣಕಾಲು ಹಿಡಿದು ಉರುಳುವವನನ್ನೂ ಕಟ್ಟಿದ ಲೇಸನ್ನೇ ಮತ್ತೆ ಕಟ್ಟುವವಳನ್ನೂ ಮನೆಯಲ್ಲಿ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದ. ಗೆಲ್ಲುತ್ತಿರುವ ತಂಡಕ್ಕೇ ಕಾಲುನೋವು ಜಾಸ್ತಿ ಎಂಬುದು ಅವನ ಸಿದ್ಧಾಂತ.

ಬೇಸಿಗೆಯ ಒಂದು ದಿನ ಪಂದ್ಯ ನಡುಮಧ್ಯಾಹ್ನಕ್ಕಿತ್ತು. ಕಾದ ಸಿಮೆಂಟಿನ ಮೆಟ್ಟಿಲ ಮೇಲೆ ಕೂತ ಅಮ್ಮಂದಿರು ಕೂತಷ್ಟೇ ಬೇಗ ಎದ್ದರು. ಪ್ರಥಮ ಚಿಕಿತ್ಸೆಗೆಂದು ಬಂದಿದ್ದವಳು ರೆಫರಿಯ ಅಕ್ಕ, ಆಸ್ಪತ್ರೆಯಲ್ಲಿ ನರ್ಸು. ಆಟವನ್ನು ಸಂಜೆಗೆ ಹಾಕು, ಆಗದಿದ್ದರೆ ನಡುನಡುವೆ ನಿಲ್ಲಿಸಿ ನೀರು ಕುಡಿಸು ಎಂದು ಅವಳು ಹೇಳಿದಳು. ಸಂಜೆ ಮೈದಾನ ದೊಡ್ಡವರಿಗೆ ಕೊಟ್ಟಾಗಿದೆ, ನಿಲ್ಲಿಸುತ್ತ ಹೋದರೆ ಆಟದ ಓಟ ಕೆಡುತ್ತದೆ ಎಂದು ಅವನು ರಾಗ ಎಳೆದ.

"ನಿನಗೆ ಕಂಡವರೆಲ್ಲ ಪೇಷಂಟೇ ಅಕ್ಕಾ. ನಾನೂ ಇದೇ ಬಿಸಿಲಲ್ಲಿ ಓಡಲ್ವಾ?"

"ನಿನಗೆ ಸಾಕಾದ್ರೆ ಸಾಕು ಅಂತೀಯ. ಟೀಮಿಂದ ತೆಗೀತಾರೆ ಅಂತ ಮಕ್ಕಳು ಬಾಯೇ ಬಿಡಲ್ಲ ಕಣೋ. ಯಾವುದಾದ್ರೂ ಮಗು ಬಿದ್ದು ಜೀವಕ್ಕೇ ಕುತ್ತು ಬಂದ್ರೆ?"

ಅವನು ಸೀಟಿ ಊದಿ ಆಟ ಶುರುಮಾಡಿದ.

ದ್ವಿತೀಯಾರ್ಧದಲ್ಲಿ, ಒಂದು ಗೋಲು ಮುಂದಿದ್ದ ತಂಡದ ಗೋಲ್‌ಕೀಪರ್ ಹುಡುಗಿ ಒದೆಯಲೆಂದು ಚೆಂಡು ಇಟ್ಟಳು. ಎತ್ತಿದಳು. ಮತ್ತೆ ಇಟ್ಟಳು. ಬೇಕೆಂದೇ ಹೊತ್ತು ಕಳೆಯುತ್ತಿದ್ದಾಳೆಂದು ಎದುರು ತಂಡದ ಅಪ್ಪಂದಿರು ಗದ್ದಲ ಎಬ್ಬಿಸಿದರು. ಈ ನಾಟಕ ಹಳೆಯದು ಎಂದುಕೊಂಡು ರೆಫರಿ ಎಚ್ಚರಿಕೆಯ ಹಳದಿ ಕಾರ್ಡು ತೋರಿಸಿದ. ಕಾರ್ಡು ಕಂಡ ಮಕ್ಕಳು ವಾದಿಸುತ್ತಾರೆ, ಇಲ್ಲವೇ ಅಳುತ್ತಾರೆ. ಇವಳು ಎರಡೂ ಮಾಡಲಿಲ್ಲ. ಅವನ ಕೈಯಿಂದ ಕಾರ್ಡು ತೆಗೆದುಕೊಂಡು, ಶಾಲೆಯ ಟೀಚರಿಗೆ ಹೇಳುವಂತೆ, "ಥ್ಯಾಂಕ್ಯೂ ಮಿಸ್" ಎಂದಳು.

ಸುತ್ತ ನಿಂತ ಮಕ್ಕಳು ಕಿಸಕ್ಕೆಂದರು. ಅವನಿಗೆ ಮಾತ್ರ ನಗು ಬರಲಿಲ್ಲ. ಹುಡುಗಿ ತೂರಾಡಿದಳು, ಹಿಡಿದುಕೊಂಡರೆ ಮೈ ಕೆಂಡ. ಆಟ ನಿಲ್ಲಿಸಿ ಅಕ್ಕನನ್ನು ಕೂಗಿದ.

ಅಕ್ಕ ಬೈಯುತ್ತ ಕೂರಲಿಲ್ಲ. ಹುಡುಗಿಯನ್ನು ನೆರಳಿಗೆ ಹೊತ್ತು ತರಿಸಿ, ಗ್ಲೌಸು, ಬೂಟು, ಕಾಲಿನ ಪಟ್ಟಿ ಬಿಚ್ಚಿಸಿದಳು. ಒಬ್ಬರು ಆಂಬುಲೆನ್ಸಿಗೆ ಫೋನು ಮಾಡಿದರು. ಉಳಿದವರು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸತೊಡಗಿದರು. ಹುಡುಗಿಯ ತಂದೆ ಬಾಯಿಗೆ ನೀರು ಹಾಕಲು ಹೋದಾಗ ಅಕ್ಕ ಕೈ ಹಿಡಿದಳು.

"ಬೇಡ ಅಣ್ಣಾ, ಬಿಸಿಲು ಹೊಡೆದಿದೆ, ಪೂರ್ತಿ ಎಚ್ಚರ ಇಲ್ಲ, ನೀರು ಉಸಿರಿಗೆ ಅಡ್ಡ ಬರುತ್ತೆ. ಮೈಮೇಲೆ ಹಾಕಿ, ನಿಲ್ಲಿಸ್ಬೇಡಿ."

ಆಂಬುಲೆನ್ಸ್ ಬರುವಷ್ಟರಲ್ಲಿ ಹುಡುಗಿ ಅಪ್ಪನ ಗುರುತು ಹಿಡಿದಳು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಹುಷಾರಾಗಿ ಮನೆಗೆ ಬಂದಳು.

"ನಾಟಕ ಅಂದ್ಕೊಂಡೆ ಅಕ್ಕಾ," ಎಂದ ರೆಫರಿ.

"ನಾಟಕವೇ ಆಗಿದ್ರೂ ನಂಬಿಬಿಡು. ಮೋಸ ಹೋದ್ರೆ ಒಂದು ನಿಮಿಷ ಹೋಗುತ್ತೆ, ಅಷ್ಟೇ."

ಈಗ ಅವನು ಬೇಸಿಗೆಯ ಪಂದ್ಯಗಳನ್ನು ಬೆಳಗ್ಗೆಯೇ ಮುಗಿಸುತ್ತಾನೆ. ಯಾರು ಗೊಣಗಿದರೂ ಆಟ ನಿಲ್ಲಿಸಿ ಎಲ್ಲರಿಗೂ ನೀರು ಕುಡಿಸುತ್ತಾನೆ, ತಾನೂ ಕುಡಿಯುತ್ತಾನೆ.

ಮಕ್ಕಳನ್ನು ಆಡಿಸುವವರೇ, ಬಿಸಿಲಲ್ಲಿ ಮಗು ನಿಧಾನವಾದರೆ ಕಾರ್ಡಿಗೆ ಮೊದಲು ಪ್ರಶ್ನೆ ಕೇಳಿ: ನಿನ್ನ ಹೆಸರೇನು, ಯಾರ ಮೇಲೆ ಆಡ್ತಿದ್ದೀಯ? ಉತ್ತರ ತಡವರಿಸಿದರೆ ಆಟ ನಿಲ್ಲಿಸಿ, ಮೈ ತಣ್ಣಗಾಗಿಸಿ, ಆಂಬುಲೆನ್ಸ್ ಕರೆಸಿ. ಅಪ್ಪ ಅಮ್ಮಂದಿರೇ, ರೆಫರಿ ಆಟ ನಿಲ್ಲಿಸಿದಾಗ ಅವನ ಮೇಲೆ ಕೂಗಾಡಬೇಡಿ. ಅವನು ನಿಲ್ಲಿಸಿದ್ದು ನಿಮ್ಮ ಮಗುವಿಗಾಗಿ ಇರಬಹುದು.