ಹೊಳೆ ದಾರಿಯ ಇಪ್ಪತ್ತು ಹೆಜ್ಜೆ

ಒಕ್ವಾರಾ ಇರೋಹನಿಗೆ ಎರಡು ವಯಸ್ಸು. ಪಾಸ್‌ಪೋರ್ಟಿನಲ್ಲಿ ಐವತ್ತನಾಲ್ಕು, ಮಂಡಿಯಲ್ಲಿ ಅರವತ್ತು.

ಚೆಂಡನ್ನೇ ನೆಚ್ಚಿಕೊಂಡು ಲಾಗೋಸಿನ ಬಸ್ಸು ಹತ್ತಿದಾಗ ಅವನಿಗೆ ಇಪ್ಪತ್ತನಾಲ್ಕು. ಅಲ್ಲಿ ಸಿಕ್ಕ ಏಜೆಂಟ್ ಬಳಸು ಮಾತಿನವನಲ್ಲ. "ಹದಿನೆಂಟು ಅಂದ್ರೆ ಬೆಲ್ಜಿಯಂ, ಇಪ್ಪತ್ನಾಲ್ಕು ಅಂದ್ರೆ ವಾಪಸ್ ಮನೆ. ನೀನೇ ಹೇಳಪ್ಪ" ಅಂದಿದ್ದ. ಒಕ್ವಾರಾ ಹದಿನೆಂಟು ಅಂದ. ಬೆಲ್ಜಿಯಮ್ಮಿನಲ್ಲಿ ಎರಡು ತಂಡ, ಟರ್ಕಿಯಲ್ಲಿ ಒಂದು, ದೇಶದ ಹಸಿರು ಅಂಗಿ ತೊಟ್ಟು ಐದು ಪಂದ್ಯ, ಹೀಗೆ ಹದಿನೇಳು ವರ್ಷ ಡಿಫೆಂಡರ್ ಆಗಿ ಗೋಲಿನ ಮುಂದೆ ನಿಂತು ಬಂದವರನ್ನೆಲ್ಲ ತಡೆದ. ಜನ ಅವನನ್ನು 'ಬಾಗಿಲು' ಎಂದು ಕರೆದರು. ಟರ್ಕಿಯ ವೈದ್ಯನೊಬ್ಬ ಮಾತ್ರ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಈ ಮಂಡಿ ನಿನಗಿಂತ ಐದಾರು ವರ್ಷ ಮೊದಲೇ ಹುಟ್ಟಿದ ಹಾಗಿದೆಯಲ್ಲ ಎಂದು ನಕ್ಕಿದ್ದ. ಒಕ್ವಾರಾನೂ ನಕ್ಕ. ಆ ನಗುವಿಗೆ ಅವನು ಅಷ್ಟು ಹೊತ್ತಿಗೆ ಪಳಗಿಹೋಗಿದ್ದ.

ಇಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ನಿಲ್ಲಿಸಲಿಲ್ಲ ಅವನ ತಾಯಿ. ಅವರ ಊರಿನಲ್ಲಿ ಮೂರು ವರ್ಷದ ಅಂತರದೊಳಗೆ ಹುಟ್ಟಿದ ಗಂಡಸರೆಲ್ಲ ಒಂದೇ ಓರಗೆ ಬಳಗ. ಊರ ಕೆಲಸ ಒಟ್ಟಿಗೆ ಮಾಡುತ್ತಾರೆ, ಒಟ್ಟಿಗೆ ಮುದುಕರಾಗುತ್ತಾರೆ. ಅರವತ್ತರ ಸುಮಾರಿಗೆ ಊರು ಅವರನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ನಿಮ್ಮ ದುಡಿಮೆ ಸಾಕು, ಇನ್ನು ಕೂತುಕೊಳ್ಳಿ ಎಂದು ಹಿರಿಯರ ಜಗಲಿಗೆ ಕಳಿಸುತ್ತದೆ. ಮಗನ ವಯಸ್ಸು ವಿಚಾರಿಸಲು ಬೆಲ್ಜಿಯಮ್ಮಿನವರು ಊರಿಗೇ ಬಂದುಬಿಟ್ಟರೆ ಎಂಬ ಭಯ ಆ ತಾಯಿಗೆ. ಆಕೆ ಹಿರಿಯರ ಮುಂದೆ ಹೋಗಿ, ಲೆಕ್ಕ ತಪ್ಪಿತ್ತು ಎಂದು ಹೇಳಿ, ಮಗನನ್ನು ಆರು ವರ್ಷ ಕಿರಿಯರ ಬಳಗಕ್ಕೆ ಸೇರಿಸಿಬಿಟ್ಟಳು. ಬೆಲ್ಜಿಯಮ್ಮಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಆದರೆ ಆಕೆ ಬದುಕಿರುವವರೆಗೆ ಆಕೆಯನ್ನು ಸುಳ್ಳುಗಾತಿ ಮಾಡಲು ಒಕ್ವಾರಾನಿಗೆ ಬಾಯಿ ಬರಲಿಲ್ಲ. ಹೋದ ವರ್ಷ ಆಕೆ ತೀರಿಕೊಂಡಳು. ಈ ಡಿಸೆಂಬರಿನ ಶನಿವಾರ, ಅವನು ನಿಜವಾಗಿ ಜೊತೆಗೆ ಹುಟ್ಟಿದವರು ಜಗಲಿ ಏರುವ ದಿನ. ಆ ಸಾಲಿನಲ್ಲಿ ನಿಲ್ಲಬೇಕು ಎನ್ನುವುದೊಂದೇ ಈಗ ಅವನ ಆಸೆ. ಆಟ ಮುಗಿದ ಮೇಲೂ ಹೊರಗೇ ಉಳಿದಿದ್ದವನು ಅದಕ್ಕೆಂದೇ ಊರಿಗೆ ಬಂದಿದ್ದ.

ಗುರುವಾರ ಸಂಜೆ ಅವನು ಉಡುಮನ ಪಂಕ್ಚರ್ ಅಂಗಡಿಗೆ ಹೋದ. ಅವರ ಲೆಕ್ಕದಲ್ಲಿ ವಾರಕ್ಕೆ ನಾಲ್ಕೇ ದಿನ, ದಿನಕ್ಕೊಂದು ಸಂತೆಯ ಹೆಸರು. ಉಡುಮ ಹುಟ್ಟಿದ್ದು ಎಕೆ ಸಂತೆಯ ದಿನ, ಒಕ್ವಾರಾ ಮೂರು ದಿನ ಕಳೆದು ನ್ಕ್ವೊ ಸಂತೆಯ ದಿನ. ಶಾಲಾ ತಂಡದಲ್ಲಿ ಇಬ್ಬರೂ ಗೋಲಿನ ಮುಂದೆ ಜೋಡಿ. ಬಯಲಿನ ಸಾಲಿನಲ್ಲಿ ಪ್ರತಿಯೊಬ್ಬನೂ ತನ್ನ ನಂತರ ಹುಟ್ಟಿದವನ ಹೆಸರು ಕೂಗಿ ಪಕ್ಕಕ್ಕೆ ಕರೆಯುವುದು ಪದ್ಧತಿ. ಒಕ್ವಾರಾನನ್ನು ಕರೆಯಬೇಕಾದವನು ಉಡುಮನೇ, ಇನ್ಯಾರೂ ಅಲ್ಲ.

ಉಡುಮ ಬೈಕಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

"ಏನ್ ತಮ್ಮಾ, ದೊಡ್ಡೋರ ಅಂಗಡಿಗೆ ಬಂದ್ಬಿಟ್ಟಿದೀಯ?"

"ತಮಾಷೆ ಸಾಕು ಕಣೋ."

"ತಮಾಷೆ ಯಾಕಪ್ಪ? ನಿಂಗಿನ್ನೂ ಐವತ್ನಾಲ್ಕು. ಕಿರಿಯರ ಬಳಗದ ಆ ಅಗ್ವು ನಿನ್ನನ್ನ ತಮ್ಮ ಬಳಗಕ್ಕೆ ಅಧ್ಯಕ್ಷನ್ನ ಮಾಡ್ತಾನಂತೆ, ಊರೆಲ್ಲ ಡಂಗುರ ಹೊಡೀತಿದಾನೆ. ಮಾಡ್ಸ್ಕೊ. ಇನ್ನೂ ಆರು ವರ್ಷ ಚರಂಡಿ ತೆಗೆಸು."

"ಉಡುಮ, ಶನಿವಾರ ನನ್ನ ಹೆಸರು ಕೂಗ್ತೀಯಾ ಇಲ್ವಾ?"

ಉಡುಮ ಟ್ಯೂಬನ್ನು ಒರೆಸಿದ, ತೂತಿಗೆ ಸೀಮೆಸುಣ್ಣದ ಗುರುತು ಹಾಕಿದ. "ಬಳಗದೋರು ಒಂದು ಪ್ರಶ್ನೆ ಕೇಳ್ತಾರೆ. ಹೊಳೆ ದಾರಿ ಗುಡಿಸಿದ್ನಾ ಅಂತ. ಏನ್ ಹೇಳ್ಲಿ?"

ಊರಿನಿಂದ ಹೊಳೆಗೆ ಇಳಿಯುವ ಕೆಂಪು ಮಣ್ಣಿನ ದಾರಿಯಲ್ಲಿ ಬಳಗದ ಒಬ್ಬೊಬ್ಬನಿಗೂ ಇಪ್ಪತ್ತು ಹೆಜ್ಜೆ ಹಂಚಿರುತ್ತಾರೆ. ಪ್ರತಿವರ್ಷ ಹಬ್ಬಕ್ಕೆ ಮುಂಚೆ ತನ್ನ ಪಾಲನ್ನು ತಾನೇ ಗುಡಿಸಬೇಕು. ಮೂರು ವರ್ಷ ತಪ್ಪಿದರೆ ಆ ಇಪ್ಪತ್ತು ಹೆಜ್ಜೆ ಬೇರೆಯವರದು, ಸಾಲಿನಲ್ಲಿದ್ದ ಜಾಗವೂ ಹೋಯಿತು. ಒಕ್ವಾರಾ ತಪ್ಪಿಸಿದ್ದು ಮೂವತ್ತಾರು ವರ್ಷ.

ಅವನು ಎದ್ದು ಹೊರಟಾಗ ಉಡುಮನ ಹೆಂಡತಿ ಎನ್ಯಿದಿಯಾ, ಮನೆಗೆ ಬಂದವರಿಗೆ ಕೊಡುವ ಹಸಿ ಬದನೆಕಾಯಿ, ಕಡಲೆಕಾಯಿ ಚಟ್ನಿ ಇಟ್ಟ ತಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ಕೂತ್ಕೊಂಡು ತಿನ್ನಿ ಅಣ್ಣ. ಅವರು ಬೈಯೋದು ಮುಗಿಯಲ್ಲ, ಬದನೆಕಾಯಿ ಬಾಡುತ್ತೆ." ಆಮೇಲೆ ದನಿ ತಗ್ಗಿಸಿದಳು. "ನಾಳೆ ಬೆಳಗ್ಗೆ ಹೊಳೆ ದಾರಿಗೆ ಒಂದ್ಸಲ ಹೋಗಿ ಬನ್ನಿ. ನಾನು ಹೇಳ್ದೆ ಅನ್ಬೇಡಿ."

ಶುಕ್ರವಾರ ಬೆಳಗ್ಗೆ ಉತ್ತರದ ಒಣಗಾಳಿಗೆ ಊರೆಲ್ಲ ಧೂಳು ಮುಸುಕಿತ್ತು. ದಾರಿಯುದ್ದಕ್ಕೂ ಬೆನ್ನು ಬಾಗಿದ ಗಂಡಸರು, ಗರಿಕಡ್ಡಿಯ ಪೊರಕೆಗಳ ಸದ್ದು. ಒಕ್ವಾರಾ ಮಾವಿನ ಮರದ ಮರೆಯಲ್ಲಿ ನಿಂತ. ಅವಿತು ನಿಲ್ಲುವುದು ಅವನ ಮೈಕಟ್ಟಿಗೆ ಒಗ್ಗುವ ಕೆಲಸವಲ್ಲ, ಆದರೂ ನಿಂತ.

ಉಡುಮ ತನ್ನ ಪಾಲಿನ ಇಪ್ಪತ್ತು ಹೆಜ್ಜೆ ಗುಡಿಸಿ ಮುಗಿಸಿದ. ಸೊಂಟ ಹಿಡಿದು ನೆಟ್ಟಗಾದ, ನೀರು ಕುಡಿದ. ಆಮೇಲೆ ಮುಂದಿನ ಪಾಲಿಗೆ ಕಾಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿದ:

"ಇದು ಒಕ್ವಾರಾ ಇರೋಹನದು. ಕಾಯಿಲೆ ಬಿದ್ದಿದಾನೆ. ಅವನ ಹೆಸರಲ್ಲಿ ನಾನು ಗುಡಿಸ್ತಿದೀನಿ."

"ಏನಪ್ಪ ಕಾಯಿಲೆ?" ಎಂದು ದೂರದಿಂದ ಯಾರೋ ಕೇಳಿದರು.

"ಫುಟ್‌ಬಾಲು."

ದಾರಿಯೆಲ್ಲ ನಕ್ಕಿತು. ಪ್ರತಿವರ್ಷ ಇದೇ ಪ್ರಶ್ನೆ, ಇದೇ ಉತ್ತರ ಎನ್ನುವುದು ಆ ನಗುವಿನಲ್ಲೇ ತಿಳಿಯುತ್ತಿತ್ತು. ಕೂಲಿ ಕೊಟ್ಟು ಗುಡಿಸುವಂತಿಲ್ಲ. ಆದರೆ ಕಾಯಿಲೆ ಬಿದ್ದವನ ಪಾಲನ್ನು ಅದೇ ಬಳಗದವನು ಹೆಸರು ಹೇಳಿ ಗುಡಿಸಬಹುದು. ಆ ನಿಯಮವನ್ನು ಒಕ್ವಾರಾ ಮರೆತೇಬಿಟ್ಟಿದ್ದ. ಅವನ ಎದೆ ತುಂಬಿ ಬಂತು, ಜೊತೆಗೆ ನಾಚಿಕೆಯೂ ಆಯಿತು. ಅಷ್ಟು ವರ್ಷ ಬಾಗಿಲು ಅನ್ನಿಸಿಕೊಂಡು ಮೆರೆದವನ ಮನೆಯ ಬಾಗಿಲನ್ನು ಬೇರೆ ಯಾರೋ ಕಾದಿದ್ದರು.

ಅವನು ಮರದ ಹಿಂದಿನಿಂದ ಬಂದು ಪೊರಕೆಗೆ ಕೈ ಚಾಚಿದ. "ಕೊಡು."

"ಎಷ್ಟು ಹೊತ್ತಿಂದ ನಿಂತಿದೀಯ?"

"ಯಾಕೋ ಮಾಡ್ದೆ ಇದನ್ನ? ಮೂವತ್ತಾರು ವರ್ಷ!"

ಉಡುಮನಿಗೆ ಸಿಟ್ಟು ಬಂತು. "ಯಾಕೆ ಅಂದ್ರೆ? ಕಾರ್ನರ್ ಸಿಕ್ಕಿದ ತಕ್ಷಣ ಗೋಲು ಹೊಡೀತೀನಿ ಅಂತ ಬಾಲ ಎತ್ಕೊಂಡು ಮುಂದೆ ಓಡ್ತಿದ್ದೋನು ಯಾರು? ಆವಾಗ ಹಿಂದೆ ನಿನ್ನ ಜಾಗ ನೋಡ್ಕೊಂತಿದ್ದೋನು ಯಾರು? ಓಡು ಅಂತ ನಾನೇ ಕಳಿಸ್ತಿದ್ದೆ. ಆದ್ರೆ ಓಡಿದೋನು ತಿರುಗಿ ಬರ್ಬೇಕು ಕಣೋ. ಅದೂ ನಾನೇ ಹೇಳ್ಕೊಡ್ಬೇಕಾ?"

"ಅಮ್ಮ ಇದ್ಲು..."

"ಗೊತ್ತು. ಅದಕ್ಕೇ ಬಾಯಿ ಮುಚ್ಕೊಂಡು ಗುಡಿಸ್ದೆ."

ಉಡುಮ ಪೊರಕೆ ಕೊಟ್ಟ. ಒಕ್ವಾರಾನಿಗೆ ಬಗ್ಗಲು ಆಗಲಿಲ್ಲ, ಮಂಡಿ ಮಡಿಯುವುದನ್ನು ಬಿಟ್ಟು ಕಾಲವಾಗಿತ್ತು. ಕೊನೆಗೆ ನೆಲದಲ್ಲಿ ಕೂತು, ಕುಂಡೆ ಸರಿಸಿ ಸರಿಸಿ ಗುಡಿಸಿದ. ಇಪ್ಪತ್ತು ಹೆಜ್ಜೆಗೆ ಒಂದು ಗಂಟೆ ಹಿಡಿಯಿತು. ಉಡುಮ ಪಕ್ಕದಲ್ಲೇ ನಿಂತು, ಆ ಮೂಲೆ ಬಿಟ್ಟೆ, ಈ ಎಲೆ ಬಿಟ್ಟೆ ಎಂದು ಹಂಗಿಸುತ್ತಿದ್ದ. ಕೈ ಮಾತ್ರ ಹಾಕಲಿಲ್ಲ.

ಮುಗಿದ ಮೇಲೆ ಎತ್ತಿ ನಿಲ್ಲಿಸಿ ಹೇಳಿದ: "ನಾಳೆ ಕೂಗ್ತೀನಿ. ಆದ್ರೆ ಎಷ್ಟು ವಯಸ್ಸು ಅಂತ ಹಿರೀಕರು ಕೇಳ್ತಾರೆ. ರೇಡಿಯೋದೋರು ಇರ್ತಾರೆ, ಅಗ್ವು ಇರ್ತಾನೆ. ಪೇಪರ್‌ನಲ್ಲೆಲ್ಲ ಬರುತ್ತೆ. ಅಲ್ಲಿ ನಾನು ನಿನ್ನ ಬದಲು ಉತ್ತರ ಹೇಳೋಕಾಗಲ್ಲ."

ಶನಿವಾರ ಬಯಲು ಕಿಕ್ಕಿರಿದಿತ್ತು. ಒಕ್ವಾರಾ ಕಿರಿಯರ ಬಳಗದ ಮಧ್ಯೆ ಕೂತಿದ್ದ. ಅಗ್ವು ಅಧ್ಯಕ್ಷರಿಗೆಂದು ತಂದಿದ್ದ ಕೆಂಪು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕ್ಯಾಪ್ಟನ್, ಇವರದ್ದು ಮುಗೀಲಿ, ಆಮೇಲೆ ನಮ್ಮದೇ ದರ್ಬಾರು" ಎನ್ನುತ್ತಿದ್ದ. ಎದುರಿಗೆ ಅರವತ್ತರ ಸಾಲು ಒಂದೊಂದೇ ಹೆಸರಾಗಿ ಬೆಳೆಯಿತು. ಸತ್ತವರ ಹೆಸರಿಗೆ ಅವರ ಮಕ್ಕಳು ಬಂದು ನಿಂತರು. ಉಡುಮನ ಸರದಿ ಬಂತು. ಅವನು ಗಂಟಲು ಸರಿಮಾಡಿಕೊಂಡ.

"ನ್ಕ್ವೊ ಸಂತೆ ದಿನ ಹುಟ್ಟಿದ ಒಕ್ವಾರಾ ಇರೋಹ!"

ಹಿರಿಯನೊಬ್ಬ ಕೇಳಿದ, "ಹೊಳೆ ದಾರಿ?"

"ಗುಡಿಸಿದಾನೆ. ನಾನೇ ನಿಂತು ನೋಡಿದೀನಿ."

ಒಕ್ವಾರಾ ಎದ್ದು ನಿಂತ. ಎಷ್ಟೋ ಮೈದಾನಗಳಲ್ಲಿ ಸಾವಿರಾರು ಜನ ಅವನ ಹೆಸರು ಕೂಗಿದ್ದರು, ಹುಟ್ಟಿದ ಸಂತೆಯ ದಿನ ಸೇರಿಸಿ ಯಾರೂ ಕೂಗಿರಲಿಲ್ಲ.

"ವಯಸ್ಸೆಷ್ಟಪ್ಪ?" ಎಂದ ಹಿರಿಯ.

ರೇಡಿಯೋದವನು ಮೈಕು ಚಾಚಿದ. ಅಗ್ವು ಟೋಪಿಯನ್ನು ಬಿಗಿಯಾಗಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದ.

"ಅರವತ್ತು," ಎಂದ ಒಕ್ವಾರಾ. "ಆವತ್ತು ಬೆಲ್ಜಿಯಂಗೆ ಹೋದಾಗ ನಂಗೆ ಹದಿನೆಂಟಲ್ಲ, ಇಪ್ಪತ್ನಾಲ್ಕಾಗಿತ್ತು. ಅಮ್ಮನ ಲೆಕ್ಕ ಯಾವತ್ತೂ ತಪ್ಪಿರ್ಲಿಲ್ಲ. ನನಗೋಸ್ಕರ ಹಾಗಂದ್ಲು."

ಯಾರೋ ಹೋ ಎಂದರು. ನಗು ಎದ್ದಿತು, ಬೈಗುಳವೂ ಒಂದೆರಡು ಬಿದ್ದವು. ಅಗ್ವು ಟೋಪಿಯನ್ನು ಚೀಲಕ್ಕೆ ತುರುಕಿದ. ಒಕ್ವಾರಾನಿಗೆ ಕಣ್ಣು ಮಂಜಾಗಿ ಬಯಲಿನ ನಟ್ಟನಡುವೆ ಹೆಜ್ಜೆ ನಿಂತುಹೋಯಿತು. ಮುಂದೆ ಹೋಗಲೂ ಆಗದು, ಹಿಂದೆ ಬರಲೂ ಆಗದು.

"ಲೋ," ಎಂದು ಉಡುಮ ಸಾಲಿನಿಂದಲೇ ಕೂಗಿದ, "ಯಾರೂ ಆಫ್‌ಸೈಡ್ ಬಾವುಟ ಎತ್ತಿಲ್ಲ. ಬಾರೋ!"

ಒಕ್ವಾರಾ ಕುಂಟುತ್ತಾ ಹೋಗಿ, ಶಾಲೆಯ ದಿನಗಳಲ್ಲಿ ನಿಲ್ಲುತ್ತಿದ್ದ ಹಾಗೆ, ಉಡುಮನ ಎಡಕ್ಕೆ ನಿಂತ. ಆಮೇಲೆ ತನ್ನ ನಂತರ ಹುಟ್ಟಿದವನ ಹೆಸರು ಕೂಗಿದ.