ಪ್ರಾರ್ಥನೆಯ ಹೊತ್ತಿಗೆ ಕೆಡುವ ಪೆಟ್ಟಿಗೆ

ಹಗಲೆಲ್ಲ ನೆಟ್ಟಗಿರುತ್ತಿದ್ದ ಇಂಟರ್ನೆಟ್ಟು ಸಂಜೆ ಪ್ರಾರ್ಥನೆಯ ಹೊತ್ತಿಗೇ ಕೈಕೊಡುತ್ತಿತ್ತು. ಫೆತುವಿಗೆ ಅದೇ ತಲೆನೋವು. ಕೆಟ್ಟದ್ದನ್ನು ಸರಿಮಾಡುವವರು ಅದು ಕೆಟ್ಟಿರುವಾಗ ನೋಡಬೇಕು ತಾನೇ? ಸಾಲೇವಾ ಅನ್ನುವ ಆ ದ್ವೀಪದ ಊರಿನಲ್ಲಿ ಅದೊಂದು ಮಾತ್ರ ಆಗುವ ಹಾಗಿಲ್ಲ. ಸಂಜೆ ಶಂಖ ಊದಿದರೆ ಮುಗಿಯಿತು, ಇದ್ದವರು ಇದ್ದ ಮನೆಯಲ್ಲೇ ಕೂತು ಪ್ರಾರ್ಥನೆ ಮಾಡಬೇಕು. ರಸ್ತೆಯುದ್ದಕ್ಕೂ ಊರಿನ ತರುಣರ ಕಾವಲು. ಆ ಹೊತ್ತಿನಲ್ಲಿ ಅಂಗಳ ದಾಟಿದವರಿಗೆ ಒಂದು ಹಂದಿ ದಂಡ. ಮತ್ತೆ ಶಂಖ ಊದಿದ ಮೇಲೆ ಫೆತು ಚಪ್ಪಲಿಯನ್ನೂ ಮೆಟ್ಟದೆ ಮುಖಂಡ ತುಯಿಲಾಗಿಯ ಮನೆಗೆ ಓಡಿಹೋಗುವಷ್ಟರಲ್ಲಿ, ಇಂಟರ್ನೆಟ್ಟಿನ ಆ ಹಾಳು ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತಾ ಏನೂ ಅರಿಯದ ಮಗುವಿನ ಹಾಗೆ ಕೂತಿರುತ್ತಿತ್ತು.

ಫೆತು ಆ ಊರಿನ ಮಗಳೇ. ಸುವಾ ನಗರದಲ್ಲಿ ಓದಿ ಬಂದು ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದವಳು, ನಮ್ಮೂರಿಗೂ ಇರಲಿ ಅಂತ ರಜೆಯಲ್ಲಿ ತಾನೇ ನಿಂತು ಕಟ್ಟಿದ ಜಾಲ ಅದು. ಎಲ್ಲಕ್ಕಿಂತ ಎತ್ತರದ ಮನೆ ತುಯಿಲಾಗಿಯದು, ಹಾಗಾಗಿ ಕಂಬ ಅವರ ಮಾಡಿನ ಮೇಲೆ, ರೌಟರ್ ಪೆಟ್ಟಿಗೆ ಅವರ ಮನೆಯೊಳಗೆ. ಅಲ್ಲಿಂದ ದವಾಖಾನೆ, ಶಾಲೆ, ಚರ್ಚಿನ ಸಭಾಮನೆ ಮೂರಕ್ಕೂ ಗಾಳಿಯಲ್ಲೇ ಸಂಪರ್ಕ. ಸಭಾಮನೆಯಲ್ಲೊಂದು ದೊಡ್ಡ ಪರದೆ. ಆಕ್ಲೆಂಡಿನಲ್ಲಿ ನೆಲೆಸಿದ ಊರಿನವರು ಅಲ್ಲಿ ನಡೆಸುವ ಸಂಜೆ ಪ್ರಾರ್ಥನೆ ಆ ಪರದೆಯ ಮೇಲೆ ಬರುತ್ತಿತ್ತು. ಶಂಖ ಊದುವ ಮುಂಚೆಯೇ ಮುದುಕರೆಲ್ಲ ಹೋಗಿ ಅದರ ಮುಂದೆ ಕೂರುತ್ತಿದ್ದರು. ಅಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು ತುಯಿಲಾಗಿಯ ಅಣ್ಣ ಎನೋಸಾ. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ, ಆದ್ದರಿಂದ ತುಯಿಲಾಗಿ ಒಬ್ಬರು ಮಾತ್ರ ಮನೆಯಲ್ಲೇ ಉಳಿಯುತ್ತಿದ್ದರು. ಪರದೆಯ ಮೇಲೆ ಒಂದು ಕೀರ್ತನೆ ಮುಗಿಯುತ್ತಿತ್ತು, ಎನೋಸಾ ಬಾಯಿ ತೆರೆಯುತ್ತಿದ್ದರು, ಅಷ್ಟೇ. ತೆರೆದ ಬಾಯಿ ತೆರೆದ ಹಾಗೇ ಚಿತ್ರ ನಿಂತುಬಿಡುತ್ತಿತ್ತು. ಅದೇ ಹೊತ್ತಿಗೆ ದವಾಖಾನೆಯ ಫೋನೂ ಸತ್ತುಹೋಗುತ್ತಿತ್ತು.

"ದೇವರಿಗೇ ಇಷ್ಟ ಇಲ್ಲ ಕಣಮ್ಮಾ," ಅಂದರು ತುಯಿಲಾಗಿ, ಬುಧವಾರ ಬೆಳಿಗ್ಗೆ ಕೋಕೋ ಕುಡಿಯುತ್ತಾ. "ಊರೆಲ್ಲ ಕಣ್ಮುಚ್ಚಿ ಕೂತಿರುವಾಗ ನಿನ್ನ ಪೆಟ್ಟಿಗೆ ಒಂದೇ ದುಡೀತಾ ಇರುತ್ತೆ. ಅದಕ್ಕೇ ಏಟು ಬೀಳ್ತಿದೆ. ಶನಿವಾರ ಸಭೆ ಇದೆ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಕಂಬ ಕೀಳಿಸ್ತೀನಿ."

"ಯಜಮಾನ್ರೇ, ದವಾಖಾನೆಗೆ ಬೇರೆ ಫೋನೇ ಇಲ್ವಲ್ಲ!"

"ನೀನು ಹುಟ್ಟಿದಾಗ್ಲೂ ಇರ್ಲಿಲ್ಲ. ಹುಟ್ಲಿಲ್ವಾ?"

ಫೆತುವಿಗೆ ಅಳು ಬಂದಂತಾಯಿತು. ಕಂಬ ಹೋದರೆ ದವಾಖಾನೆಯ ಗತಿ ಏನು ಅನ್ನುವುದು ಒಂದು ಸಂಕಟ. ಊರಿನ ಮುಂದೆ ತನ್ನ ಮಾನ ಹೋಗುತ್ತದಲ್ಲ ಅನ್ನುವುದು ಇನ್ನೊಂದು, ಅದೇನೂ ಚಿಕ್ಕದಲ್ಲ.

ಅವಳು ಸುಮ್ಮನೇನೂ ಕೂತಿರಲಿಲ್ಲ. ತಂತಿ ಬದಲಾಯಿಸಿದ್ದಳು, ಮಾಡು ಹತ್ತಿ ಕಂಬದ ಆಂಟೆನಾ ತಟ್ಟೆಗಳನ್ನು ತಿರುಗಿಸಿದ್ದಳು. ತಾನಿಲ್ಲದಾಗ ಏನಾಗುತ್ತದೆಂದು ಬರೆದಿಟ್ಟುಕೊಳ್ಳಲಿ ಅಂತ ರೌಟರಿನ ಪಕ್ಕ ಲ್ಯಾಪ್‌ಟಾಪ್ ತೆರೆದಿಟ್ಟೂ ಹೋಗಿದ್ದಳು. ಬಂದು ನೋಡಿದರೆ ಪ್ರತಿ ಸಲವೂ ಅದರ ಮುಚ್ಚಳ ಮುಚ್ಚಿರುತ್ತಿತ್ತು, ಮೇಲೊಂದು ಕಸೂತಿ ಬಟ್ಟೆ ಬೇರೆ. ಮುಚ್ಚುತ್ತಿದ್ದವರು ತುಯಿಲಾಗಿಯ ಹೆಂಡತಿ ಪೇಪೆ.

"ಪ್ರಾರ್ಥನೆ ಹೊತ್ತಲ್ಲಿ ಯಾರೂ ಕೆಲಸ ಮಾಡಬಾರದಲ್ವೇನೇ? ಪಾಪ, ಅದಕ್ಕೂ ಸ್ವಲ್ಪ ವಿಶ್ರಾಂತಿ ಸಿಗ್ಲಿ," ಅಂದರು ಪೇಪೆಯಮ್ಮ. ಅವರ ಮೇಲೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ಫೆತುವಿಗೆ ಬಂತು, ಆದರೆ ನುಂಗಿಕೊಂಡಳು.

ಗುರುವಾರ ಅವಳಿಗೆ ಹೊಳೆಯಿತು. ಶಂಖ ಊದಿದಾಗ ಇದ್ದಲ್ಲೇ ಪ್ರಾರ್ಥನೆ ಅನ್ನುವುದು ನಿಯಮ. ಹಾಗಾದರೆ ಊದುವಾಗ ಪೆಟ್ಟಿಗೆಯ ಪಕ್ಕದಲ್ಲೇ ಇದ್ದರಾಯಿತು! ಇಷ್ಟು ದಿನ ಇದು ತಲೆಗೇ ಬರಲಿಲ್ಲವಲ್ಲ ಅಂತ ತನ್ನನ್ನೇ ಬೈದುಕೊಂಡು, ಸಂಜೆಯಾಗುತ್ತಲೇ ಒಂದು ಬುಟ್ಟಿ ಬೇಯಿಸಿದ ಕೆಸುವಿನ ಗೆಡ್ಡೆ ಹೊತ್ತು ತುಯಿಲಾಗಿಯ ಮನೆಗೆ ಹೋದಳು.

"ಇವತ್ತು ನಿಮ್ಮ ಜೊತೆ ಪ್ರಾರ್ಥನೆಗೆ ಕೂರ್ಲಾ ಯಜಮಾನ್ರೇ?"

ತುಯಿಲಾಗಿ ಬುಟ್ಟಿಯನ್ನೂ ಅವಳನ್ನೂ ನೋಡಿದರು. "ಕೂರು. ಆದ್ರೆ ಕಣ್ಮುಚ್ಚಿರ್ಬೇಕು."

ಶಂಖ ಮೊಳಗಿತು. ಎಲ್ಲರೂ ಚಾಪೆಯ ಮೇಲೆ ಕೂತರು. ತುಯಿಲಾಗಿ ಶುರುಮಾಡಿದರು. ಅವರ ಪ್ರಾರ್ಥನೆ ಅಂದರೆ ಸಾಮಾನ್ಯದ್ದಲ್ಲ, ಸಮುದ್ರದ ಮೀನಿನಿಂದ ಹಿಡಿದು ಮೊಮ್ಮಗಳ ಹಲ್ಲುನೋವಿನವರೆಗೆ ಒಂದನ್ನೂ ಬಿಡುವವರಲ್ಲ. ಫೆತು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಪೆಟ್ಟಿಗೆಯ ಕಡೆ ಕಿರಿದಾಗಿ ತೆರೆದಿಟ್ಟಳು. ಪೆಟ್ಟಿಗೆಯ ಮೇಲೆ ಮೂರು ಕಡೆಗೂ ಒಂದೊಂದು ದೀಪ. ಮೊದಮೊದಲು ಸಭಾಮನೆಯ ದೀಪ ಒಂದೇ ಜೋರಾಗಿ ಮಿಟುಕುತ್ತಿತ್ತು, ಸರಿಯಾಗಿಯೇ ಇದೆ. ಐದು ನಿಮಿಷ ಕಳೆದಿರಬಹುದು. ಇದ್ದಕ್ಕಿದ್ದಂತೆ ಶಾಲೆಯದು, ದವಾಖಾನೆಯದು, ಸಭಾಮನೆಯದು ಮೂರೂ ದೀಪಗಳು ಒಂದೇ ತಾಳಕ್ಕೆ ಹುಚ್ಚುಹಿಡಿದಂತೆ ಕುಣಿಯತೊಡಗಿದವು.

"ಅಯ್ಯೋ ಮರೆತೇಹೋಗಿದೆ!" ಅಂದುಬಿಟ್ಟಳು ಫೆತು.

"ಏನನ್ನೂ ಮರೆತಿಲ್ಲ, ಇನ್ನೂ ಬಾಳೆಯ ಬೆಳೆಗೆ ಬರ್ತಾ ಇದ್ದೀನಿ," ಅಂದರು ತುಯಿಲಾಗಿ ಕಣ್ಣು ತೆರೆಯದೆಯೇ, ಮತ್ತೆ ದೇವರ ಕಡೆ ತಿರುಗಿದರು. ಆಮೆನ್ ಬರುವಷ್ಟರಲ್ಲಿ ಫೆತು ನಾಲಿಗೆ ಕಚ್ಚಿಕೊಂಡು ಕೂತೂ ಕೂತೂ ಬೆವೆತುಹೋಗಿದ್ದಳು.

ಎರಡನೆಯ ಶಂಖ ಊದಿದ ಮೇಲೆ ಬಾಯಿ ಬಿಟ್ಟಳು. "ಸಿಕ್ಕಿಬಿತ್ತು ಯಜಮಾನ್ರೇ! ಈ ಪೆಟ್ಟಿಗೆಗೆ ಎರಡು ಕೆಲಸ. ಹೊರಗಿನಿಂದ ಬಂದಿದ್ದರ ವಿಳಾಸ ಓದಿ ನಮ್ಮೂರಲ್ಲಿ ಯಾರಿಗೆ ಅಂತ ಹೇಳೋದು ಒಂದು. ಈ ಮೂರು ಮನೆಗಳಿಗೂ ಒಂದೇ ಅಂಗಳದ ಹಾಗೆ ಸೇತುವೆಯಾಗಿರೋದು ಇನ್ನೊಂದು. ಒಳಗೆ ಇಬ್ಬರು ಕೂತಿದ್ದಾರೆ ಅಂದ್ಕೊಳಿ. ವಿಳಾಸ ಓದೋನಿಗೆ ನೆನಪು ಜಾಸ್ತಿ, ಗಂಟೆಗಟ್ಟಲೆ ಮರೆಯೋದಿಲ್ಲ. ಸೇತುವೆಯವನಿಗೆ ನೆನಪು ಐದೇ ನಿಮಿಷ. ಯಾರು ಯಾವ ಬಾಗಿಲಿಂದ ಮಾತಾಡಿದ್ರು ಅನ್ನೋದರ ಮೇಲೇ ಅವನ ಲೆಕ್ಕ. ಐದು ನಿಮಿಷ ಯಾರಾದ್ರೂ ತುಟಿ ಬಿಚ್ಚಲಿಲ್ಲ ಅಂದ್ರೆ ಅವರು ಯಾವ ಬಾಗಿಲಲ್ಲಿದ್ರು ಅನ್ನೋದೇ ಅವನಿಗೆ ಮರೆತುಹೋಗುತ್ತೆ."

"ತುಟಿ ಬಿಚ್ಚದೇ ಇರೋರು ಯಾರು?"

"ಸಭಾಮನೆಯ ಪರದೆ! ಒಂದ್ಸಲ 'ಪ್ರಾರ್ಥನೆ ಕಳಿಸಿ' ಅಂತ ಕೇಳುತ್ತೆ. ಆಮೇಲೆ ಬರೀ ಕೇಳಿಸಿಕೊಳ್ತಾ ಕೂರುತ್ತೆ, ಹೂಂ ಅನ್ನೋದಿಲ್ಲ ಉಹೂಂ ಅನ್ನೋದಿಲ್ಲ. ಓದೋನು 'ಇದು ಪರದೆಗೆ' ಅಂತ ಕೊಡ್ತಾನೆ. ಸೇತುವೆಯವನಿಗೆ ಪರದೆ ಎಲ್ಲಿದೆ ಅಂತ್ಲೇ ಗೊತ್ತಿಲ್ಲ, ಮೂರು ಬಾಗಿಲಿಗೂ ಕೂಗ್ತಾನೆ. ಅಷ್ಟು ದೊಡ್ಡ ಚಿತ್ರ ಮೂರು ಕಡೆಗೂ ಹೋದ್ರೆ ನಮ್ಮ ಬಡಪಾಯಿ ಕಂಬ ಎಲ್ಲಿ ತಡೆಯುತ್ತೆ? ಎಲ್ಲಾ ಕಟ್ಟಿಕೊಳ್ಳುತ್ತೆ. ಪ್ರಾರ್ಥನೆ ಮುಗಿದು ಚಿತ್ರ ಬರೋದು ನಿಂತ ಮೇಲೆ ತಾನೇ ಸರಿಹೋಗುತ್ತೆ."

ತುಯಿಲಾಗಿ ಗಡ್ಡ ಕೆರೆದುಕೊಂಡರು. "ಹಾಗಾದ್ರೆ ದೇವರದ್ದೇನೂ ತಪ್ಪಿಲ್ಲ."

"ಇಲ್ಲ ಯಜಮಾನ್ರೇ. ನಂದೇ. ಇಬ್ಬರ ನೆನಪನ್ನೂ ಹೊಂದಿಸಬೇಕಿತ್ತು, ಹೊಂದಿಸ್ಲಿಲ್ಲ."

ಶುಕ್ರವಾರ ಹಗಲು ಕೂತು ಹೊಂದಿಸಿದಳು. ವಿಳಾಸ ಓದುವವನ ನೆನಪನ್ನೂ ಮೊಟಕು ಮಾಡಿದಳು. ಇನ್ನು ಮೇಲೆ ಐದು ನಿಮಿಷ ಆಗುವುದರೊಳಗೆ ಅವನಿಗೇ ಅನುಮಾನ ಬಂದು "ಪರದೆ, ಎಲ್ಲಿದ್ದೀಯಾ?" ಅಂತ ಕೇಳಬೇಕು, ಪರದೆ "ಇಲ್ಲೇ" ಅನ್ನಬೇಕು, ಸೇತುವೆಯವನು ಬಾಗಿಲನ್ನು ಮತ್ತೆ ಗುರುತಿಟ್ಟುಕೊಳ್ಳಬೇಕು. ಮಾಡಿದ್ದು ಇಷ್ಟೇ. ಕೆಲಸ ಮಾಡುತ್ತದೋ ಇಲ್ಲವೋ ಸಂಜೆಯವರೆಗೆ ಕಾಯಬೇಕಲ್ಲ, ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸಂಜೆ ಮತ್ತೆ ಅದೇ ಚಾಪೆ. ಅಂಗಳದಾಚೆ ಸಭಾಮನೆಯಿಂದ ಕೀರ್ತನೆ ಕೇಳುತ್ತಿತ್ತು. ಕೀರ್ತನೆ ಮುಗಿಯಿತು. ಎನೋಸಾ ಮಾತು ಶುರುಮಾಡಿದರು. ಈ ಸಲ ಅದು ಕಡಿಯಲಿಲ್ಲ, ಮುದುಕನ ದನಿ ಬರುತ್ತಲೇ ಇತ್ತು. ಪೆಟ್ಟಿಗೆಯ ಮೇಲೆ ಒಂದೇ ದೀಪ ಜೋರಾಗಿ ಮಿಟುಕುತ್ತಿತ್ತು. ಗೆದ್ದೆ ಅಂದುಕೊಂಡಳು ಫೆತು, ಕುಣಿಯುವಂತಿಲ್ಲವಲ್ಲ ಅಂತ ಕಾಲ ಬೆರಳನ್ನಷ್ಟೇ ಕುಣಿಸಿದಳು. ಇತ್ತ ತುಯಿಲಾಗಿಯ ಪ್ರಾರ್ಥನೆ ಯಾವಾಗ ನಿಂತಿತೋ, ಅವರೂ ಸಭಾಮನೆಯ ಕಡೆ ಕಿವಿಗೊಟ್ಟು ಕೂತಿದ್ದರು.

"...ಕೊನೇದಾಗಿ ಸ್ವಾಮೀ, ನನ್ನ ತಮ್ಮ ಲೋಸಿಯನ್ನ ಕಾಪಾಡು," ಅನ್ನುತ್ತಿತ್ತು ಆ ದನಿ. ಮುಖಂಡನ ಪಟ್ಟ ಬರುವ ಮೊದಲು ತುಯಿಲಾಗಿಯ ಹೆಸರು ಲೋಸಿ. "ಅಡುಗೆಮನೆಗೆ ಬೆಂಕಿ ಹಚ್ಚಿದ್ದು ಅವನು, ಅಪ್ಪನ ಕೈಲಿ ಏಟು ತಿಂದಿದ್ದು ನಾನು. ಆವತ್ತೇ ಕ್ಷಮಿಸಿಬಿಟ್ಟೆ. ಆದ್ರೂ ಅವನಿಗೆ ನನ್ನ ಮುಖ ನೋಡೋಕೆ ನಾಚಿಕೆ. ದಿನಾ ಇದನ್ನೇ ಹೇಳ್ತಿದ್ದೀನಿ ಸ್ವಾಮೀ. ಒಂದು ದಿನನಾದ್ರೂ ಆ ಕತ್ತೆಗೆ ಕೇಳಿಸು. ಆಮೆನ್."

ಸಭಾಮನೆಯಲ್ಲಿ ಯಾರೋ ಕಿಸಕ್ಕೆಂದರು. ಪೇಪೆಯಮ್ಮ ಎರಡೂ ಕಣ್ಣು ತೆರೆದು ಗಂಡನನ್ನು ನೋಡಿದರು. ತುಯಿಲಾಗಿಯ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ಅಳುವಂತಾಯಿತು. ಆಮೇಲೆ ಎದ್ದವರೇ ಮೆಟ್ಟಿಲು ಹಾರಿ, ಅಂಗಳ ದಾಟಿ, ರಸ್ತೆಗೇ ನುಗ್ಗಿಬಿಟ್ಟರು. ಎರಡನೆಯ ಶಂಖ ಇನ್ನೂ ಊದಿರಲಿಲ್ಲ!

"ಯಜಮಾನ್ರೇ! ಯಜಮಾನ್ರೇ! ನೀವೇ ಹೀಗೆ ಬಂದ್ರೆ ಹೇಗೆ?" ಅಂತ ಕಾವಲಿನವರು ಅಡ್ಡ ಬಂದರು.

"ಹಂದಿ ತಗೊಳ್ರೋ! ಎರಡು ತಗೊಳಿ! ದಾರಿ ಬಿಡ್ರೋ!"

ಸಭಾಮನೆಯಿಂದ ಅವರ ಕೂಗು ಫೆತುವಿಗೆ ಸ್ಪಷ್ಟವಾಗಿ ಕೇಳಿಸಿತು. "ಅಣ್ಣಾ! ಏ ಅಣ್ಣಾ! ನಾನೇ ಕಣೋ ಹಚ್ಚಿದ್ದು! ಕೇಳಿಸ್ತಾ?" ಫೆತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಾ ಕಣ್ಣಲ್ಲಿ ನೀರೂ ಬಂತು.

ಶಂಖ ಊದಿದ ಮೇಲೆ ತುಯಿಲಾಗಿ ಏದುಸಿರು ಬಿಡುತ್ತಾ ವಾಪಸು ಬಂದರು. "ಎಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ ಕಣಮ್ಮಾ ಅವನು."

"ಆ ಪರದೆ ಬರೀ ಕೇಳಿಸಿಕೊಳ್ಳುತ್ತೆ ಯಜಮಾನ್ರೇ. ನೀವು ಹೇಳಿದ್ದು ಅಲ್ಲಿಗೆ ಹೋಗೋದಿಲ್ಲ."

"ಹೋಗೋ ಹಾಗೆ ಮಾಡು ಮತ್ತೆ! ಕಂಬದ ಮಾತನ್ನ ನಾಳೆ ಸಭೇಲಿ ಯಾರಾದ್ರೂ ಎತ್ತಲಿ, ನೋಡ್ಕೋತೀನಿ."

ಫೆತು ತನ್ನ ಫೋನನ್ನೇ ತೆಗೆದು, ಪೇಪೆಯಮ್ಮನ ಹತ್ತಿರ ಎನೋಸಾನ ನಂಬರು ಕೇಳಿ ಒತ್ತಿದಳು. ಅಷ್ಟು ವರ್ಷದಿಂದಲೂ ಪೇಪೆಯಮ್ಮನ ಬಳಿ ನಂಬರು ಇತ್ತು ಅನ್ನುವುದು ತುಯಿಲಾಗಿಗೆ ಗೊತ್ತಾದದ್ದು ಆಗಲೇ. ಹೆಂಡತಿಯನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಹಲೋ ಬಂತು. ತುಯಿಲಾಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಣ್ಣಾ, ನಾನು. ಲೋಸಿ."

"ಯಾವ ಲೋಸಿ?"

ತುಯಿಲಾಗಿ ಒಂದು ಸಲ ಫೆತುವನ್ನು ನೋಡಿದರು, ಒಂದು ಸಲ ಹೆಂಡತಿಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅಡುಗೆಮನೆ ಸುಟ್ಟವನು," ಅಂದರು.