ಬೆಳ್ಳಿ ಬಣ್ಣದ ಪೈಪು

ನಮ್ಮ ಬೀದಿಯಲ್ಲಿ ಇಂಟರ್‌ನೆಟ್ ನಿಂತರೆ ಜನ ಕಂಪನಿಗೆ ಫೋನ್ ಮಾಡುವುದಿಲ್ಲ, ನೇರವಾಗಿ ನನ್ನನ್ನೇ ಬೈಯುತ್ತಾರೆ. ಬೈಯಲಿ. ಕಂಬಕ್ಕೆ ಏಣಿ ಹಾಕುವವಳು ನಾನು, ಮನೆಮನೆಗೆ ಕೇಬಲ್ ಎಳೆದವಳು ನಾನು, ಇದೇ ಬೀದಿಯ ಕೊನೆಯ ಮನೆಗೆ ಸೊಸೆಯಾಗಿ ಬಂದವಳೂ ನಾನೇ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಹೇಳುತ್ತಾರೆ. ಮೂಗು ಗಿಡ್ಡ, ಅದಕ್ಕೇ ಬೇಗ ಜಾರಿ ಬೀಳುತ್ತದೆ ಎಂದು ನಮ್ಮನೆಯವರು ಸೇರಿಸುತ್ತಾರೆ. ಅವರದು ಗೋಡೆಗೆ ಬಣ್ಣ ಹೊಡೆಯುವ ಕಸುಬು, ಮಾತಿಗೂ ಒಂದು ಕೋಟು ಹೊಡೆಯದೆ ಬಿಡುವುದಿಲ್ಲ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಅವರ ಗಂಟಲು ಎಂಥದ್ದೆಂದರೆ, ಸೂಜಿ ಊರಲು ಜಾಗವಿಲ್ಲದ ಬಸ್ಸಿನಲ್ಲೂ ಅವರು ಒಂದು ಸಲ "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಬನ್ನಿ, ಜಾಗ ಇದೆ" ಎಂದರೆ ಜನ ತಮಗೇ ಗೊತ್ತಿಲ್ಲದೆ ಒಳಗೆ ಸರಿಯುತ್ತಿದ್ದರಂತೆ. ನಿವೃತ್ತರಾದ ಮೇಲೂ ಮನೆಯಲ್ಲಿ ಯಾರಾದರೂ ಹೊಸ್ತಿಲ ಮೇಲೆ ನಿಂತು ಮಾತಾಡಿದರೆ ಇದೇ ಅಪ್ಪಣೆ ಆಗುತ್ತಿತ್ತು. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಕೈ ಮೆಲ್ಲಗೆ ತಿರುಗಿ ಬಂತು, ಮಾತು ಬರಲಿಲ್ಲ. "ನೀರು", "ಹೂಂ", "ಬೇಡ" ಇಷ್ಟರಲ್ಲೇ ದಿನ ಹೋಗುತ್ತಿತ್ತು. ಹೇಳಬೇಕಾದ್ದು ತಲೆಯಲ್ಲಿದೆ, ನಾಲಿಗೆಗೆ ಇಳಿಯುತ್ತಿಲ್ಲ ಎಂಬ ಸಿಟ್ಟು ಅವರ ಕಣ್ಣಲ್ಲಿ ಕಾಣುತ್ತಿತ್ತು.

ಮಾತು ಕಲಿಸುವ ಟೀಚರಮ್ಮ ಒಬ್ಬರು ದೂರದೂರಿನಲ್ಲಿದ್ದರು. ವಾರಕ್ಕೆ ಆರು ದಿನ, ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋದಲ್ಲಿ ಪಾಠ. ಮಾವನ ಮಂಚದ ಪಕ್ಕದ ಗೋಡೆಗೆ ಮೋಡೆಮ್ ಕೂರಿಸಿ, ಎದುರಿಗೆ ಸ್ಕ್ರೀನ್ ಇಟ್ಟುಕೊಟ್ಟೆ. ತುಟಿ ಹೇಗೆ ಮುಚ್ಚಬೇಕು, ನಾಲಿಗೆ ಎಲ್ಲಿ ತಾಗಬೇಕು ಎಂದು ಅವರು ತೋರಿಸಬೇಕು, ಮಾವ ಮಾಡಬೇಕು, ಅದನ್ನು ಅವರು ನೋಡಿ ತಿದ್ದಬೇಕು. ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತು. "ಅಕ್ಕಿ", "ಬುಟ್ಟಿ", "ಬಸ್ಸು" ಬಂದವು. ಬಸ್ಸು ಬಂದ ದಿನ ಅತ್ತೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆಮೇಲೆ ಯಾರ ಕಣ್ಣು ಬಿತ್ತೋ, ಸರಿಯಾಗಿ ಪಾಠದ ಹೊತ್ತಿಗೇ ಲೈನು ಕೆಡಲು ಶುರುವಾಯಿತು. ಟೀಚರಮ್ಮನ ಮುಖ ನಮಗೆ ಕನ್ನಡಿಯ ಹಾಗೆ ಕಾಣುತ್ತಿತ್ತು. ನಮ್ಮ ಚಿತ್ರ ಮಾತ್ರ ಅವರಿಗೆ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಅವರು "ಇನ್ನೊಂದು ಸಲ ಹೇಳಿ" ಎನ್ನುತ್ತಿದ್ದರು. ಮತ್ತೆ "ಇನ್ನೊಂದು ಸಲ". ಚಿತ್ರ ಕಾಣದೆ ಕೇಳುತ್ತಿದ್ದಾರೆ ಎಂದು ನಾವು ಎಷ್ಟು ತಿಳಿಸಿ ಹೇಳಿದರೂ, ತಾನು ಹೇಳಿದ್ದೇ ತಪ್ಪು ಎಂದು ಮಾವನ ಮನಸ್ಸಿಗೆ ಕೂತುಬಿಟ್ಟಿತು. ಒಂದು ದಿನ ಪಾಠದ ನಡುವೆಯೇ ಗೋಡೆಯ ಕಡೆ ತಿರುಗಿ ಮಲಗಿದರು. ಟೀಚರಮ್ಮ ನನಗೆ ಫೋನ್ ಮಾಡಿ ಬಹಳ ನಯವಾಗಿ ಹೇಳಿದರು: ತುಟಿ ಕಾಣದೆ ಕಲಿಸಿದರೆ ತಪ್ಪೇ ರೂಢಿಯಾಗುತ್ತದೆ, ಈ ಗಂಟೆಗೆ ಬೇರೆಯವರೂ ಕಾಯುತ್ತಿದ್ದಾರೆ, ಶನಿವಾರದವರೆಗೆ ನೋಡೋಣ, ಆಗದಿದ್ದರೆ ಲೈನು ಸರಿಯಾದ ಮೇಲೆ ಮುಂದೆ ಯಾವಾಗಲಾದರೂ ಸೇರಿಸಿಕೊಳ್ಳುತ್ತೇನೆ. ಇದನ್ನು ಮಾವನಿಗೆ ತಿಳಿಸಿದೆ. ಅವರು "ಬೇಡ" ಎಂದರು. ಆ ಮಾತು ಮಾತ್ರ ಅವರ ಬಾಯಲ್ಲಿ ಬಹಳ ಸ್ಪಷ್ಟವಾಗಿ ಬಂತು. ಶನಿವಾರದವರೆಗಾದರೂ ಕೂರಿ ಎಂದು ಕಾಡಿ ಒಪ್ಪಿಸಿದೆ.

ಕೇಬಲ್ ಇಂಟರ್‌ನೆಟ್ಟಿನ ಸಂಗತಿ ಇಷ್ಟೇ. ಆಫೀಸಿನಿಂದ ಒಂದು ದಪ್ಪ ಕೇಬಲ್ ಬೀದಿಗೆ ಬರುತ್ತದೆ, ಮೂಲೆಯ ಕಂಬದ ಪೆಟ್ಟಿಗೆಯಲ್ಲಿ ಅದಕ್ಕೆ ಜೋರು ಕೊಡುತ್ತಾರೆ, ಅಲ್ಲಿಂದ ಮನೆಗೊಂದು ಸಣ್ಣ ಕೇಬಲ್. ಬರುವುದು ಎಲ್ಲರಿಗೂ ಹಂಚಿಕೊಂಡು ಬರುತ್ತದೆ. ಹೋಗುವುದೂ ಹಾಗೇ, ಎಲ್ಲರ ಮನೆಯದೂ ಒಂದೇ ದಾರಿಗೆ ಸೇರುತ್ತದೆ. ಚರಂಡಿಗೆ ಒಬ್ಬರು ಕಸ ಸುರಿದರೆ ಬೀದಿಗೆಲ್ಲ ನೀರು ಕಟ್ಟುವುದಿಲ್ಲವೇ, ಹಾಗೆ. ಕೇಬಲ್ಲಿನ ಒಳಗೆ ನಡುವೆ ಒಂದು ತಂತಿ, ಅದರ ಸುತ್ತ ಲೋಹದ ಜಾಲರಿ. ಯಾವುದೋ ಮನೆಯಲ್ಲಿ ಕನೆಕ್ಟರ್ ಸಡಿಲವಾಗಿದ್ದರೆ, ಇಲ್ಲವೇ ಕೇಬಲ್ಲಿನ ಬಾಯಿ ಬಿಟ್ಟುಕೊಂಡಿದ್ದರೆ, ಸುತ್ತಲಿನ ಮೋಟರು, ಮಿಕ್ಸಿ, ರೇಡಿಯೋಗಳ ಗದ್ದಲವೆಲ್ಲ ಅಲ್ಲಿಂದ ಆ ಹೋಗುವ ದಾರಿಗೆ ನುಗ್ಗಿ ಬೀದಿಯವರೆಲ್ಲರ ತಲೆಗೆ ಬರುತ್ತದೆ.

ಹಾಗಾಗಿ ಆ ಬಾಯಿ ಯಾರದು ಎಂದು ಹುಡುಕಲು ಹೊರಟೆ. ಮೊದಲ ಅನುಮಾನ ಎದುರು ಮನೆಯ ಟೈಲರಣ್ಣನ ಮೇಲೆ. ಹೊಲಿಗೆ ಮಿಷಿನ್ನಿಗೆ ಹಳೇ ಮೋಟರು, ಗೋಡೆ ತುಂಬ ಜೋತಾಡುವ ವೈರು. ಅವರ ಕನೆಕ್ಟರನ್ನು ಮೂರು ಸಲ ಕತ್ತರಿಸಿ ಹೊಸದು ಹಾಕಿದೆ, ಪ್ರತಿ ಸಲವೂ ಒಂದಿಷ್ಟು ಬುದ್ಧಿಮಾತನ್ನು ಪುಕ್ಕಟೆಯಾಗಿ ಕೊಟ್ಟೆ. ಏನೂ ಸುಧಾರಿಸಲಿಲ್ಲ. ಕೊನೆಗೆ ಶುಕ್ರವಾರ ಪಾಠದ ಹೊತ್ತಿಗೆ ಮೂಲೆಯ ಕಂಬಕ್ಕೆ ಏಣಿ ಹಾಕಿ, ಗದ್ದಲ ಅಳೆಯುವ ಮೀಟರ್ ಕೈಯಲ್ಲಿ ಹಿಡಿದು, ಒಂದೊಂದೇ ಮನೆಯ ಕೇಬಲ್ ಬಿಚ್ಚಿ ನೋಡುತ್ತಾ ಬಂದೆ. ಯಾರದನ್ನು ಬಿಚ್ಚಿದಾಗ ಗದ್ದಲ ಇಳಿಯುತ್ತದೋ ಅವರೇ ಕಳ್ಳರು. ಎಲ್ಲ ಮನೆ ಮುಗಿಯಿತು, ಗದ್ದಲ ಕದಲಲಿಲ್ಲ. ನನ್ನ ಪಿತ್ತ ನೆತ್ತಿಗೇರಿತ್ತು.

ಕೆಳಗೆ ಟೈಲರಣ್ಣ ಕೊರಳಿಗೆ ಟೇಪು ನೇತುಹಾಕಿಕೊಂಡು ಕತ್ತೆತ್ತಿ ನಿಂತಿದ್ದರು.

"ಎಲ್ಲರ ಮನೇದೂ ಬಿಚ್ಚಿದ್ರಿ. ನಿಮ್ಮನೇದು ಯಾಕೆ ಬಿಟ್ರಿ?"

ಅಲ್ಲಿ ಮಾವನ ಪಾಠ ನಡೆಯುತ್ತಿದೆ, ಅರ್ಧ ನಿಮಿಷ ತೆಗೆದರೂ ಅದು ಕಡಿದುಹೋಗುತ್ತದೆ ಎಂದೆ. ಹೇಗಿದ್ದರೂ ನಡೆಯುತ್ತಿಲ್ಲವಲ್ಲ ಎಂದರು ಅವರು. ಹಲ್ಲು ಕಚ್ಚಿಕೊಂಡು ನಮ್ಮ ಮನೆಯ ಕೇಬಲ್ ಬಿಚ್ಚಿದೆ. ಮೀಟರಿನಲ್ಲಿ ಗದ್ದಲ ದೊಪ್ಪನೆ ಬಿತ್ತು. ತಿರುಗಿಸಿ ಹಾಕಿದೆ, ಎದ್ದಿತು. ಟೈಲರಣ್ಣ ಟೇಪು ಸುತ್ತಿಕೊಳ್ಳುತ್ತಾ ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಏಣಿಯನ್ನು ಅಲ್ಲೇ ಬಿಟ್ಟು ಮನೆಗೆ ದೌಡಾಯಿಸಿದೆ. ಹಜಾರದಲ್ಲಿ ಟಿವಿ ಆಫ್ ಆಗಿತ್ತು. ಅದರ ಹಿಂದಿನ ಕೇಬಲ್ ಬಿಚ್ಚಿಕೊಂಡು, ಬಾಯಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಮಾವನ ಕೋಣೆಯ ಹೊಸ್ತಿಲಾಚೆ ಅತ್ತೆ ಕೈಕಟ್ಟಿ ನಿಂತಿದ್ದರು. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು. ಪಿಸುದನಿಯಲ್ಲೂ ಕೂಗಾಡಬಹುದು ಎಂದು ನನಗೆ ಅವತ್ತೇ ಗೊತ್ತಾದದ್ದು. ಇದನ್ನು ಯಾರು ಬಿಚ್ಚಿದ್ದು ಎಂದೆ.

"ನಾನೇ ಕಣೇ. ದಿನಾ ಪಾಠಕ್ಕೆ ಮುಂಚೆ ಬಿಚ್ತೀನಿ, ಆಮೇಲೆ ಹಾಕ್ತೀನಿ. ಟಿವಿಗೂ ಅವರಿಗೂ ಒಂದೇ ವೈರಲ್ವಾ? ಈ ಕಡೆಗೆ ಬರೋದೂ ಅವರಿಗೇ ಹೋಗ್ಲಿ, ಪೂರ್ತಿ ಸಿಗ್ಲಿ ಅಂತ."

ನಾನು ಪಾಠ ಕೆಡಬಾರದು ಎಂದು ನಮ್ಮ ಮನೆಯೊಂದನ್ನು ಬಿಟ್ಟು ಬೀದಿಯೆಲ್ಲ ಜಾಲಾಡಿದೆ. ಅತ್ತೆ ಪಾಠ ಕೆಡಬಾರದು ಎಂದು ದಿನಾ ಅದನ್ನು ಕೆಡಿಸುತ್ತಿದ್ದರು. ಇಬ್ಬರ ಪ್ರೀತಿಯ ನಡುವೆ ಮಾವ ಗೋಡೆ ನೋಡಿಕೊಂಡು ಮಲಗುವ ಹಾಗಾಗಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಕೇಬಲ್ ಹಿಡಿದು ಟಿವಿಗೆ ತಿರುಗಿಸಲು ಹೋದೆ.

"ಬರಿಗೈಲಿ ಮುಟ್ಬೇಡ, ಜುಮ್ ಅನ್ನುತ್ತೆ. ನಾನು ಒಣ ಬಟ್ಟೆ ಸುತ್ಕೊಂಡೇ ಬಿಚ್ಚೋದು."

ಕೈ ಹಿಂದಕ್ಕೆಳೆದುಕೊಂಡೆ. ಎಷ್ಟು ದಿನದಿಂದ ಎಂದು ಕೇಳಿದೆ. ಬೇಸಿಗೆಯಲ್ಲಿ ನಲ್ಲಿ ಪೈಪು ಬದಲಾಯಿಸಿದ ಮೇಲಿಂದ, ಒದ್ದೆ ಬಟ್ಟೆಯಲ್ಲಿ ಟಿವಿ ಒರೆಸುವಾಗಲೆಲ್ಲ ಚುರ್ರೆನ್ನುತ್ತದೆ ಎಂದರು. ಟಿವಿ ಹಳೆಯದಾಯಿತು, ಮನುಷ್ಯರಿಗೂ ಮೈಕೈ ನೋವು ಬರುವುದಿಲ್ಲವೇ ಎಂದು ಸುಮ್ಮನಿದ್ದರಂತೆ. ಅದೇ ಕೇಬಲ್ಲಿನ ಇನ್ನೊಂದು ಕವಲು ಮಾವನ ಕಬ್ಬಿಣದ ಮಂಚದ ಪಕ್ಕದಲ್ಲಿದೆ ಎಂದು ಆಗ ನೆನಪಾಯಿತು.

ಅಷ್ಟರಲ್ಲಿ ಒಳಗಿನಿಂದ ಮಾವ ತಡವರಿಸುತ್ತಾ "ಬಾ... ಬಾಗ" ಎನ್ನುವುದು ಕೇಳಿಸಿತು. ನಾನು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಸ್ಕ್ರೀನ್ ಕಪ್ಪಾಯಿತು. ಮಾವ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಟೀಚರಮ್ಮನಿಗೆ ಫೋನ್ ಮಾಡಿ ನಾಳೆ ಒಂದು ದಿನ ಕೊಡಿ ಎಂದು ಬೇಡಿಕೊಂಡೆ. ನಾಳೆ ಶನಿವಾರ, ಕಡೇ ದಿನ ಎಂದು ಅವರು ನೆನಪಿಸಿದರು.

ಹೊರಗೋಡೆಯ ಹತ್ತಿರ ಹೋಗಿ ನೋಡಿದೆ. ಕಂಬದಿಂದ ಬಂದ ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಒಂದು ಸಣ್ಣ ಲೋಹದ ಬ್ಲಾಕ್ ಹಾದುಹೋಗುತ್ತದೆ. ಅದರಿಂದ ಹಸಿರು ಅರ್ಥಿಂಗ್ ತಂತಿ ನೀರಿನ ಪೈಪಿನ ಕ್ಲ್ಯಾಂಪಿಗೆ. ಮನೆಯ ಕರೆಂಟಿನ ಅರ್ಥಿಂಗ್ ತಂತಿಯೂ ಅದೇ ಕ್ಲ್ಯಾಂಪಿಗೆ. ಹಳೇ ಮನೆ, ಹಳೇ ಪದ್ಧತಿ: ಕಬ್ಬಿಣದ ಪೈಪು ನೆಲದೊಳಗೆ ಹೋಗುತ್ತದೆ, ಸೋರಿದ ಕರೆಂಟೂ ಸಿಡಿಲಿನ ಹೊಡೆತವೂ ಅದರ ಜೊತೆ ನೆಲ ಸೇರುತ್ತದೆ. ಕ್ಲ್ಯಾಂಪು ಬಿಗಿಯಾಗಿತ್ತು. ಪೈಪು ಬೆಳ್ಳಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ದಿನಾ ನೋಡಿ, ಎಷ್ಟು ಅಚ್ಚುಕಟ್ಟಾಗಿದೆ ಎಂದು ಬೀಗಿದವಳು ನಾನೇ. ಸುಮ್ಮನೆ ಸ್ಕ್ರೂಡ್ರೈವರಿನಿಂದ ಕೆರೆದೆ. ಬೆಳ್ಳಿಯ ಕೆಳಗಿನಿಂದ ಬಿಳೀ ಪ್ಲಾಸ್ಟಿಕ್ ಸುರುಳಿ ಸುರುಳಿಯಾಗಿ ಎದ್ದು ಬಂತು.

ನಮ್ಮನೆಯವರನ್ನು ಕೆಲಸದಿಂದ ಕರೆಸಿದೆ. ಕಿವಿಗೆಲ್ಲ ಬಣ್ಣ ಮೆತ್ತಿಕೊಂಡು ಬಂದರು. ತುಕ್ಕು ಹಿಡಿದ ಪೈಪು ತೆಗೆಸಿ ಪ್ಲಾಸ್ಟಿಕ್ಕಿನದು ಹಾಕಿಸಿದ್ದು ಹೌದು, ಬಿಳೀ ಪೈಪು ಗೋಡೆಗೆ ಒಪ್ಪಲಿಲ್ಲ, ಅದಕ್ಕೆ ಕಬ್ಬಿಣದ ಹಾಗೇ ಕಾಣಲಿ ಎಂದು ಬೆಳ್ಳಿ ಬಣ್ಣ ಎರಡು ಕೋಟು ಹೊಡೆದೆ ಎಂದರು.

"ನಿನ್ನ ಕ್ಲ್ಯಾಂಪು ಎಲ್ಲಿತ್ತೋ ಅಲ್ಲಿಗೇ ಹಾಕಿದೀನಲ್ಲ. ಇನ್ನೊಂದು ಸುತ್ತು ಜಾಸ್ತಿನೇ ಟೈಟ್ ಮಾಡಿದೀನಿ."

ನನಗೆ ತಡೆಯಲಾಗಲಿಲ್ಲ. ಫ್ರಿಜ್ಜು, ಗೀಸರು, ಪಂಪಿನಿಂದ ಸೋರಿದ ಕರೆಂಟು ನೆಲಕ್ಕಿಳಿಯಲು ದಾರಿಯಿಲ್ಲದೆ ಇದೇ ಕ್ಲ್ಯಾಂಪಿನಲ್ಲಿ ಕೇಬಲ್ಲಿನ ಜಾಲರಿಗೆ ಹತ್ತಿ ನಿಮ್ಮಮ್ಮನ ಕೈಗೆ ಬರುತ್ತಿದೆ, ಗೀಸರು ಸರಿಯಾಗಿ ಕೆಟ್ಟಿದ್ದರೆ ಜುಮ್ ಎನ್ನುವುದರಲ್ಲಿ ಮುಗಿಯುತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಕಕ್ಕಿದೆ. ಅವರ ಮುಖ ಇಷ್ಟಾಯಿತು. ಗುದ್ದಲಿ ತಂದು ಗುಂಡಿ ತೋಡಲು ನಿಂತರು.

ಕರೆಂಟಿನ ಬೋರ್ಡು ನನ್ನ ಕೆಲಸವಲ್ಲ, ಅದಕ್ಕೆ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿದೆ. ಅವರು ಮೀಟರ್ ಬೋರ್ಡಿನ ಕೆಳಗೆ ತಾಮ್ರದ ಸಲಾಕೆ ಹೊಡೆಸಿ ಮನೆಯ ಅರ್ಥಿಂಗ್ ಅದಕ್ಕೆ ಕಟ್ಟಿದರು. ನಾನು ಕೇಬಲ್ಲಿನ ಬ್ಲಾಕನ್ನು ಬೋರ್ಡಿನ ಪಕ್ಕಕ್ಕೇ ತಂದು, ದಪ್ಪ ಹಸಿರು ತಂತಿಯನ್ನು ಎಲ್ಲೂ ಸುತ್ತಿಸದೆ ನೇರವಾಗಿ ಅದೇ ಸಲಾಕೆಗೆ ಬಿಗಿದೆ. ಕೇಬಲ್ಲಿಗೊಂದು ನೆಲ, ಕರೆಂಟಿಗೊಂದು ನೆಲ ಎಂದು ಬೇರೆಬೇರೆ ಮಾಡಿದರೆ, ಸಿಡಿಲು ಬಂದಾಗ ಅವೆರಡರ ಜಗಳ ಮನೆಯೊಳಗೆ ನಡೆಯುತ್ತದೆ. ಟೈಲರಣ್ಣ ಕರೆಯದೆಯೇ ಬಂದು ತಂತಿ ಹಿಡಿದರು. ಅವರ ಹತ್ತಿರ ತಪ್ಪಾಯಿತು ಎಂದೆ. ಮೂರು ಹೊಸ ಕನೆಕ್ಟರ್ ಸಿಕ್ಕಿತಲ್ಲ, ಇನ್ನೆರಡು ಸಲ ಬೈಯಿರಿ ಎಂದರು. ಕತ್ತಲಾಗುವ ಮುಂಚೆ ಮೇನ್ ಹಾಕಿ ಕರೆಂಟು ಅಳೆಯುವ ಮೀಟರ್ ಹಿಡಿದೆ, ಸೋರಿಕೆಯ ಸುಳಿವಿಲ್ಲ. ಅತ್ತೆ ಬೆರಳ ತುದಿಯಿಂದ ಟಿವಿಯನ್ನು ಮುಟ್ಟಿ, ಏನೂ ಅನ್ನುವುದಿಲ್ಲವಲ್ಲ ಎಂದು ಸ್ವಲ್ಪ ನಿರಾಸೆಯಿಂದಲೇ ಹೇಳಿದರು.

ಶನಿವಾರ ನಾನು ರಜೆ ಹಾಕಿದೆ. ಟಿವಿಯ ಕೇಬಲ್ ಬಿಗಿಯಾಗಿ ಕೂತಿತ್ತು, ಅತ್ತೆಯ ಕೈಗಳನ್ನು ನಾನು ಕಣ್ಣಲ್ಲೇ ಕಾಯುತ್ತಿದ್ದೆ. ಮಾವನನ್ನು ಎಬ್ಬಿಸಿ ಕೂರಿಸುವುದೇ ಸಾಹಸವಾಯಿತು. ಮಗ ಮಾಡಿದ ಪೈಪಿನ ಕಥೆ, ಸೊಸೆಯ ಏಣಿಯ ಕಥೆ, ಹೆಂಡತಿ ದಿನಾ ಬಿಚ್ಚಿದ ಕಥೆ ಎಲ್ಲವನ್ನೂ ಹೇಳಿದೆ. ತಪ್ಪು ನಿಮ್ಮ ನಾಲಿಗೆಯದಲ್ಲ ಮಾವ, ಉಳಿದ ಮೂವರದು ಎಂದೆ. ಅವರ ತುಟಿಯ ಒಂದು ಕೊನೆ ಮೇಲೇರಿತು. ಎದ್ದು ಕೂತರು.

ಟೀಚರಮ್ಮ ಬಂದರು. ಮಾವನಿಂದ "ಬಾ" ಹೇಳಿಸಿದರು. ಕೊನೆಯವರೆಗೂ ನೋಡಿ, ತುಟಿ ಪೂರ್ತಿ ಮುಚ್ಚಿ ತೆರೆಯುತ್ತಿದೆ, ಬಹಳ ಚೆನ್ನಾಗಿದೆ ಎಂದರು. "ಇನ್ನೊಂದು ಸಲ" ಎಂಬ ಮಾತು ಬರಲೇ ಇಲ್ಲ. ಮಾವ ಅದಕ್ಕಾಗಿ ಕಾದು, ಬಾರದ್ದು ಕಂಡು, ಬೆನ್ನು ನೆಟ್ಟಗೆ ಮಾಡಿದರು. "ಬಾಳೆ" ಬಂತು, "ಬಾಗಿಲು" ಬಂತು. ಕೊನೆಗೆ ಟೀಚರಮ್ಮ, ಈ ಗಂಟೆ ನಿಮ್ಮದೇ, ಸೋಮವಾರ ಸಿಗೋಣ, ಈಗ ನಿಮಗೆ ಬೇಕಾದ ಒಂದು ಮಾತು ನೀವೇ ಹೇಳಿ ಎಂದರು.

ಮಾವ ಸ್ಕ್ರೀನ್ ನೋಡಲಿಲ್ಲ. ಬಾಗಿಲ ಕಡೆ ತಿರುಗಿದರು. ಅಲ್ಲಿ, ಪಾಠಕ್ಕೆ ಅಡ್ಡಿಯಾಗಬಾರದು ಎಂದು ಇಷ್ಟು ತಿಂಗಳೂ ಒಂದು ದಿನವೂ ಒಳಗೆ ಬಾರದ ಅತ್ತೆ, ಎಂದಿನ ಹಾಗೆ ಹೊಸ್ತಿಲಾಚೆ ನಿಂತಿದ್ದರು. ಮಾವನ ಕೊರಳಿನ ನರ ಉಬ್ಬಿತು. ಒಂದೊಂದೇ ಮಾತನ್ನು ಕಲ್ಲು ಹೊತ್ತ ಹಾಗೆ ಎತ್ತಿ ಇಟ್ಟರು.

"ಬಾಗಿಲಲ್ಲಿ... ನಿಲ್ಬೇಡ. ಒಳಗೆ ಬಾ. ಜಾಗ... ಇದೆ."

ಅತ್ತೆ ಕಣ್ಣೊರೆಸಿಕೊಂಡು ಒಳಗೆ ಬಂದರು. ಬಸ್ಸು ತುಂಬಿದ್ದಾಗಲೂ ಇವರು ಹೀಗೇ ಹೇಳುತ್ತಿದ್ದರು ಎಂದು ಟೀಚರಮ್ಮನಿಗೆ ದೂರು ಹೇಳಿದರು. ಮಾವ ಮಂಚದ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದರು, ಅತ್ತೆ ಆ ಜಾಗದಲ್ಲಿ ಕೂತರು.